ಸುಚಿತ್ರಳ ಗೆರೆ ಬಾಗಿತು

ಕಲ್ಕತ್ತಾ, ಬುಧವಾರ

ಅಣ್ಣಯ್ಯಾ,

ನನ್ನ ಮಗಳು ಸುಚಿತ್ರಳ ಲ್ಯಾಬು ನೋಡಿ ಈಗ ಬಂದೆ. ಹಂಡೆಗಿಂತ ದೊಡ್ಡ ಆಯಸ್ಕಾಂತ! ಅದರೊಳಗೆ ಕಬ್ಬಿಣ ಬೆರೆತ ಚಿಟಿಕೆ ಪುಡಿ ಇಳಿಸಿ ತಣ್ಣಗೆ ಮಾಡುತ್ತಾರೆ. ತೀರಾ ತಣ್ಣಗಾದರೆ ಅದರಲ್ಲಿ ಕರೆಂಟು ಚೂರೂ ಪೋಲಾಗದೆ ಹರಿಯುತ್ತದಂತೆ. ನೀನು ಕೆಲಸ ಮಾಡುವ ಶಿವನಸಮುದ್ರದ ಪವರ್‌ಹೌಸಿನಲ್ಲಿ ಇದನ್ನು ಹೇಳು, ನಂಬುತ್ತಾರಾ ನೋಡೋಣ. ಅಷ್ಟು ತಣ್ಣಗಾಗುವ ಮುಂಚೆಯೇ, ಪುಡಿಯ ಅಳತೆ ತೋರಿಸುವ ಕಂಪ್ಯೂಟರಿನ ಗೆರೆ ಬಾಗಬೇಕು ಅಂತ ಇವಳ ವಾದ. ಇವತ್ತೂ ಬಾಗದಿದ್ದರೆ ಇದನ್ನು ಬಿಟ್ಟು ಊರಿಗೆ ಹೋಗು ಎಂದಿದ್ದರಂತೆ ಇವಳ ಲ್ಯಾಬಿನ ಮೇಷ್ಟ್ರು.

ದೃಷ್ಟಿಯಾಗದಿರಲಿ ಅಂತ ಅವಳಿಗೆ ಗೊತ್ತಾಗದಂತೆ ಜೇಬಿಗೆ ಕಬ್ಬಿಣದ ಮೊಳೆ ಹಾಕಿದ್ದೆ. ಪುಣ್ಯಕ್ಕೆ ಲ್ಯಾಬಿನ ಬಾಗಿಲಲ್ಲೇ ಅವಳ ಕೈಗೆ ಸಿಕ್ಕಿತು.

"ಅವ್ವಾ, ಒಳೀಕ್ ಓಗಿದ್ರೆ ಇದು ಗುಂಡಿನಂಗೆ ಆರಿಬುಡೋದು ಕಣವ್ವ!"

"ಎಲ್ಲಾ ಕೆಟ್ಟೋಯ್ತಾ ಮಗಾ?"

"ಏನೂ ಆಗಿಲ್ಲ ಬುಡು, ಸುಮ್ನೆ ಕೂತ್ಕೊ."

ಕಂಪ್ಯೂಟರಿನ ಮುಂದೆ ಕೂತೆ. ಗೆರೆ ಏರಿತು, ಏರಿತು, ಇವಳು ಹೇಳಿದ ಕಡೆಯೇ ಬಾಗಿತು ಕಣಣ್ಣಾ! ಮೇಷ್ಟ್ರು ಕುರ್ಚಿ ಬಿಟ್ಟೆದ್ದು, ಮುಂದುವರಿಸಮ್ಮ ಎಂದರು. ಅಂದರೆ ಇನ್ನೂ ಒಂದು ವರ್ಷ ಇವಳು ಇಲ್ಲೇ.

ಬಿಪಿ ಮಾತ್ರೆ ತಪ್ಪಿಸಿಲ್ಲ. ಇಲ್ಲಿಯ ಸಾಸಿವೆ ಎಣ್ಣೆ ಹೊಟ್ಟೆಗೆ ಒಗ್ಗುತ್ತಿಲ್ಲ. ಕಾಗದದಲ್ಲಿ ಜಾಗ ಮುಗಿಯಿತು. ಈ ವರ್ಷ ಇವಳ ಮದುವೆ ಆಗುವುದಿಲ್ಲ ಅಂತ, ಇವಳನ್ನು ಕೇಳಿಕೊಂಡು ಬಂದಿದ್ದ ಮದ್ದೂರಿನ ಗಂಡಿನ ಕಡೆಯವರಿಗೆ ನೀನೇ ಹೇಳಿಬಿಡು, ನನಗೆ ಧೈರ್ಯವಿಲ್ಲ.

ನಿನ್ನ ತಂಗಿ
ಚಿಕ್ಕತಾಯಮ್ಮ