ಹಗರೆಯವರ ಮುಂದೆ ಹಾಡಿದ್ದು

ಅರಸೀಕೆರೆ
೧೫-೨-೧೯೫೮, ಶನಿವಾರ

ಪ್ರೀತಿಯ ಅನುಸೂಯಾ,

ನಿನ್ನ ಸೊಂಟದ ನೋವು ಹೇಗಿದೆ? ನಮ್ಮ ದೊಡ್ಡವಳು ಸುವರ್ಣ ಬಾಣಂತಿ ಪಥ್ಯವನ್ನು ನೆಟ್ಟಗೆ ಮಾಡುತ್ತಿದ್ದಾಳೋ, ನೀನು ಅತ್ತ ತಿರುಗಿದಾಗ ಉಪ್ಪಿನಕಾಯಿ ನೆಕ್ಕುತ್ತಾಳೋ? ಮಗು ಥೇಟು ನನ್ನ ಹಾಗೇ ಇದೆ ಎಂದು ಶಿವಮೊಗ್ಗದ ಬೀಗರು ಬರೆದಿದ್ದಾರೆ. ಅವರು ಸುಮ್ಮನೆ ಹೊಗಳುವ ಪೈಕಿಯಲ್ಲ. ಏನೋ ಕೇಳಲಿದ್ದಾರೆ, ಹುಷಾರಾಗಿರು.

ನಮ್ಮ ವಿಶಾಲ ಒಂದು ಹಾಡು ಕಲಿಯುವುದಕ್ಕೆ ತಗುಲಿದ ಖರ್ಚಿನ ಲೆಕ್ಕವನ್ನು ಮೊದಲು ಒಪ್ಪಿಸಿಬಿಡುತ್ತೇನೆ. ಮೇಷ್ಟ್ರ ಸಂಬಳ, ಬೇಲೂರಿನಿಂದ ಅವರು ಬರುವ ಬಸ್ಸಿನ ಚಾರ್ಜು ನಿನಗೆ ಗೊತ್ತಿರುವುದೇ. ನೀನು ಹೋದ ಮೇಲೆ ಸೇರಿದ್ದು: ಮೇಷ್ಟ್ರ ಕಾಫಿಗೆ ಎಮ್ಮೆ ಹಾಲಿನ ಕೆನೆ, ನನ್ನ ಮಧ್ಯಾಹ್ನದ ನಿದ್ದೆ, ಪಕ್ಕದ ಮನೆ ಬಸಮ್ಮನ ಸ್ನೇಹ. ಮೊನ್ನೆ ಗೋಡೆಯ ಆಚೆಯಿಂದಲೇ ಕೇಳಿದಳು: "ಅದೇನ್ರೀ ಯಜಮಾನ್ರೇ, ದೀಪಾವಳಿಯಿಂದ ಒಂದೇ ಮಾತು ಹೇಳಿಸ್ತಾವ್ರೆ. ಮಗೀಗೆ ಇನ್ನೂ ಬಾಯಿಗೆ ಬರ್ನಿಲ್ವಾ?"

ಆ ಅನುಮಾನ ನನಗೂ ಇತ್ತು. ನಾವು ಕೇಳಿದ್ದು ಹೆಣ್ಣು ನೋಡಲು ಬಂದವರ ಮುಂದೆ ಹೇಳುವುದಕ್ಕೆ ಒಂದೇ ಒಂದು ದೇವರನಾಮ. ಗೋಪಾಲಸ್ವಾಮಿ ಮೇಷ್ಟ್ರು ಸರಿಗಮ ಬಿಟ್ಟು ಕದಲುತ್ತಿರಲಿಲ್ಲ. ನಾನು ಮೀಸೆ ಮೂಡುವ ಮೊದಲೇ ಕೊಬ್ಬರಿ ಮಂಡಿಯಲ್ಲಿ ಗೋಣಿಚೀಲ ಹೊಲಿದು ಮೇಲೆ ಬಂದವನು. ದಿನದ ಕೆಲಸವನ್ನು ವಾರಕ್ಕೆ ಎಳೆಯುವವರನ್ನು ಬೇಕಾದಷ್ಟು ಕಂಡಿದ್ದೇನೆ. ಹಾಗಾಗಿ ಪಾಠದ ಹೊತ್ತಿಗೆ ಅಲ್ಲೇ ಮಗ್ಗುಲಲ್ಲಿ ಪೇಪರು ಹಿಡಿದು ಕೂರತೊಡಗಿದೆ. ಮೇಷ್ಟ್ರು ಶ್ರುತಿಪೆಟ್ಟಿಗೆ ಒತ್ತುತ್ತಾರೆ, ಇವಳು ಏರುತ್ತಾಳೆ, ಮೇಲಿನ 'ಸ' ಎಂಬ ಜಾಗಕ್ಕೆ ಹೋಗುವಷ್ಟರಲ್ಲಿ ದನಿ ಒಡೆಯುತ್ತದೆ. ಮತ್ತೆ ಏರುವುದು, ಮತ್ತೆ ಒಡೆಯುವುದು. ಕೊನೆಗೆ ದೇವರನಾಮ ಶುರುವಾದಾಗ ನೋಡಿದರೆ ಅದರ ನಡುವೆಯೂ ಅದೇ ಜಾಗ. ಸಂಬಳ ನಿಲ್ಲದಿರಲೆಂದು ಬೇಕೆಂದೇ ಅಂಥ ಹಾಡು ಆರಿಸಿದ್ದಾರೆಂದು ನಾನು ಎಣಿಸಿದೆ. "ಅಲ್ಲಿ ಸ್ವಲ್ಪ ಕೆಳಗೇ ಹಾಡಿಸಿ ಸ್ವಾಮಿ, ಹೆಣ್ಣು ನೋಡೋಕೆ ಬರೋ ಹಗರೆ ಊರಿನೋರಿಗೇನು ಗೊತ್ತಾಗ್ತದೆ" ಎಂದೆ. "ಅವರಿಗೆ ಗೊತ್ತಾಗೋದಿಲ್ಲ, ಇವಳಿಗೆ ಗೊತ್ತಾಗತ್ತಲ್ಲ" ಎಂದರು. ಇಂಥ ಚೆಂದದ ಮಾತು ಕೇಳಿದರೆ ನನಗೆ ಅನುಮಾನ ಹೆಚ್ಚೇ ಆಗುತ್ತದೆ.

ಆದರೆ ಕೂತು ಕೂತು ಒಂದು ಸಂಗತಿ ನಡೆಯಿತು. ಉಂಡೆ ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಹಸಿ ಇದೆಯೋ ಇಲ್ಲವೋ ಹೇಳುವವನು ನಾನು. ಮಗಳ ದನಿ ಎಲ್ಲಿ ಹಸಿ, ಎಲ್ಲಿ ಹದಕ್ಕೆ ಬಂದಿದೆ ಎಂಬುದೂ ತಿಳಿಯತೊಡಗಿತು. ಮಂಡಿಯಲ್ಲಿ ಗುನುಗಿದೆನಂತೆ, ಹಮಾಲಿ ದೇವೀರಪ್ಪ "ಹಲ್ನೋವಾ ಯಜಮಾನ್ರೇ, ಲವಂಗ ಕಚ್ಕಳಿ" ಎಂದ. ಇವಳು ಹಾಡುತ್ತಾ ತಿರುವಿದ ರಾಗಿಮುದ್ದೆಯಲ್ಲಿ ಬರೀ ಗಂಟು. ಮಾತಾಡದೆ ನುಂಗುತ್ತೇನೆ. ಅಡುಗೆಮನೆಯಿಂದ ಹಾಡು ಬರುತ್ತಿರುವಾಗ ಉಣ್ಣುವುದು ಚೆನ್ನಾಗಿರುತ್ತದೆ ಕಣೇ.

ಹೋದ ಭಾನುವಾರ ಹಗರೆಯವರು ಬಂದರು. ಹುಡುಗ ಗುಮಾಸ್ತ, ಒಬ್ಬನೇ ಮಗ, ಮನೆಯಲ್ಲಿ ಹೊಲವೂ ಹಾಲಿನ ಹಸುಗಳೂ ಉಂಟು. ನಿನ್ನ ಅಣ್ಣ ತಂದ ಸಂಬಂಧವಾದ್ದರಿಂದ ಹುಳುಕು ಹುಡುಕಿದೆ, ಸಿಗಲಿಲ್ಲ. ಉಪ್ಪಿಟ್ಟು ಮುಗಿದ ಮೇಲೆ ಹುಡುಗನ ತಾಯಿ ಮುದ್ದಮ್ಮ "ಒಂದು ಹಾಡು ಹೇಳವ್ವ" ಎಂದರು. ವಿಶಾಲ ಪಲ್ಲವಿ ಮುಗಿಸಿ ಏರುವ ಸಾಲಿನ ಬಾಗಿಲಿಗೆ ಬಂದಿದ್ದಳು. "ಸಾಕು ಬಿಡವ್ವ, ಮೂಗಿ ಅಲ್ಲ ಅಂತ ಗೊತ್ತಾಯ್ತಲ್ಲ. ನಮ್ಮನೇಲಿ ಹಾಡ್ಕಂಡು ಕೂರಕ್ಕೆ ಯಾರಿಗೈತೆ ಪುರುಸೊತ್ತು" ಎಂದುಬಿಟ್ಟರು. ಎಲ್ಲರೂ ನಕ್ಕರು. ಹುಡುಗನೂ ನಕ್ಕ. ಇವಳು ಹಾಡು ನಿಲ್ಲಿಸಿ ಚಾಪೆಯ ಅಂಚಿನ ಕಡ್ಡಿ ಕೀಳತೊಡಗಿದಳು. ಒಳ್ಳೆ ಮನೆ ಕೈಬಿಟ್ಟೀತೆಂದು ಗೊತ್ತಿದ್ದೂ ನಾನು "ಪೂರ್ತಿ ಹೇಳು ಮಗಾ, ಕಾಫಿ ಆರಿದ್ರೆ ಆರಲಿ" ಎಂದೆ. ನನ್ನ ಮುಖವನ್ನೇ ನೋಡುತ್ತಾ ಹಾಡಿದಳು. ಆ ಜಾಗ ಬಂತು. ಒಡೆಯಲಿಲ್ಲ, ಅನುಸೂಯಾ. ಮೇಲೆ ಹೋಗಿ ನಿಂತಿತು, ಅವಳು ಇಳಿಸುವವರೆಗೂ ನಿಂತಿತ್ತು. ಮುದ್ದಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹೊರಡುವಾಗ "ಕಾಗದ ಹಾಕ್ತೀವಿ" ಎಂದರು.

ಸುವರ್ಣಳಿಗೂ ಕೂಸಿಗೂ ನನ್ನ ಆಶೀರ್ವಾದ. ಬೀಗರಿಗೆ ನಮಸ್ಕಾರ ಮಾತ್ರ ಸಾಕು, ಬೇರೆ ಯಾವ ಮಾತೂ ಕೊಡಬೇಡ. ನೀನು ಬಿಸಿನೀರಿನ ಶಾಖ ತೆಗೆದುಕೊ.

ನಿನ್ನ
ನಂಜುಂಡಯ್ಯ

ತಾ.ಕ.: ಟಪಾಲು ಕಟ್ಟುವ ಹೊತ್ತಾಯಿತು, ಚುಟುಕಾಗಿ ಬರೆಯುತ್ತೇನೆ. ಹಗರೆಯವರ ಕಾಗದ ಬುಧವಾರವೇ ಬಂತು. ಹುಡುಗಿ ಒಪ್ಪಿಗೆಯಂತೆ, ಆದರೆ ಪಾಠವನ್ನು ಇಂದಿನಿಂದಲೇ ನಿಲ್ಲಿಸಬೇಕಂತೆ. ಇದು ನಿನ್ನ ಅಣ್ಣನಿಗೆ ಮೊದಲೇ ತಿಳಿದಿತ್ತೆಂದು ನನ್ನ ಗುಮಾನಿ. ಕಾಗದವನ್ನು ವಿಶಾಲಳ ಕೈಗೇ ಕೊಟ್ಟೆ. ಓದಿ, ಮಡಿಸಿ, "ಬ್ಯಾಡಪ್ಪ" ಎಂದಳು. ನಾನೂ ಬೇಡವೆಂದೇ ಬರೆದು ಡಬ್ಬಿಗೆ ಹಾಕಿದ್ದಾಯಿತು. ನಿನ್ನನ್ನು ಕೇಳಲಿಲ್ಲ, ಕೇಳಿದ್ದರೆ ನೀನು ಒಪ್ಪಿಸುತ್ತಿದ್ದೆ. ಯಾರಿಗೆ ಏನು ದಕ್ಕಿತೆಂದರೆ, ಹಗರೆಯವರಿಗೆ ಉಪ್ಪಿಟ್ಟು. ಮೇಷ್ಟ್ರಿಗೆ ಇನ್ನೊಂದು ವರ್ಷದ ಪಾಠ. ನಿನ್ನ ಅಣ್ಣನಿಗೆ ಮುಖಭಂಗ. ವಿಶಾಲಳಿಗೆ ಅವಳ ಹಾಡು. ನನಗೆ, ನೀನು ಬಂದಿಳಿದ ದಿನದ ಬಯ್ಗುಳ.