ಉಣ್ಣದ ರೋಗದ ಪುಟ

ಜೂನ್ 3, ಮಂಗಳವಾರ. ಬೆಳಗ್ಗೆ 9

ಶಟರ್ ಎತ್ತಿ, ಜೆರಾಕ್ಸ್ ಮೆಷಿನ್ ಆನ್ ಮಾಡಿ, ಕಸ ಗುಡಿಸುವ ಮೊದಲೇ, ಕಂಪ್ಯೂಟರಿನಲ್ಲಿ ಮರಿ ಸಾಕುವ ಟಿಂಬಲ್ ಆಟದ ನಮ್ಮ ಕನ್ನಡ ವಿಕಿ ತೆರೆದೆ. ದಿನಾ ಹಾಗೇ. ಯಾರು ಏನು ತಿದ್ದಿದ್ದಾರೆ ಅಂತ ನೋಡದೆ ಪೊರಕೆ ಹಿಡಿದರೆ ಸಮಾಧಾನವಿಲ್ಲ.

ನೋಡಿದ್ದೇ ಮೈ ಉರಿದುಹೋಯಿತು. ‘ಉಣ್ಣದ ರೋಗ’ ಪುಟದ ನೆತ್ತಿಗೆ ಹಳದಿ ಪಟ್ಟಿ! ‘ಈ ಪುಟದ ಮಾಹಿತಿ ಬಗ್ಗೆ ಅನುಮಾನವಿದೆ.’ ಅಂಟಿಸಿದ್ದು ಕನಕರಾಜು. ಹಂಪಾಪುರದಲ್ಲಿ ಶುಂಠಿ ಬೆಳೆಯುವವನು. ನಮ್ಮ ಜೊತೆ ಸೇರಿ ಎಂಟು ತಿಂಗಳು. ಈ ವಿಕಿ ಬರೆಯುವವರೇ ನಾಲ್ಕು ಜನ — ಹುಣಸೂರಿನಲ್ಲಿ ನಾನು, ಪಿರಿಯಾಪಟ್ಟಣದ ಶಶಿ, ಕೆ.ಆರ್. ನಗರದ ಚೆಲುವರಾಜು, ಆಮೇಲೆ ಇವನು. ನಾಲ್ಕರಲ್ಲಿ ಒಬ್ಬ ಹೀಗೆ.

ಮೂರು ತಿಂಗಳು ಕೂತು ಬರೆದ ಪುಟ ಅದು. ಟಿಂಬಲ್ ಆಟದಲ್ಲಿ ನಾಲ್ಕನೇ ತಲೆಮಾರಿನ ಮರಿಗಳು ತಿಂಡಿಯ ಮುಂದೆಯೇ ಕೂತು, ಉಣ್ಣದೆ ಸಾಯುತ್ತವೆ. ಮೊದಲು ಗಮನಿಸಿದವಳು ನಾನು. ಇಂಗ್ಲಿಷ್ ವಿಕಿಯಲ್ಲೂ ಇದಿಲ್ಲ. ಅವರೇ ಮೇಲ್ ಮಾಡಿದ್ದಾರೆ... ಜುಲೈ ಹದಿನೈದಕ್ಕೆ ನಿಮ್ಮ ಪುಟ ಅನುವಾದ ಮಾಡಿ ಹಾಕುತ್ತೇವೆ, ನಿಮ್ಮ ಹೆಸರೂ ಇರುತ್ತದೆ ಅಂತ. ಅದಕ್ಕೆ ಹಳದಿ ಪಟ್ಟಿ!

ಕಿತ್ತು ಹಾಕಿದೆ.

ಜೂನ್ 5, ಗುರುವಾರ. ಮಧ್ಯಾಹ್ನ

ಮತ್ತೆ ಅಂಟಿಸಿದ್ದಾನೆ. ಎಷ್ಟು ಕೊಬ್ಬಿರಬೇಕು.

ಚರ್ಚೆ ಪುಟದಲ್ಲಿ ಬರೆದಿದ್ದಾನೆ: ‘ನಮ್ಮನೆಯಲ್ಲಿ ಏಳನೇ ತಲೆಮಾರು ನಡೀತಿದೆ. ಎಲ್ಲಾ ಹೊಟ್ಟೆ ತುಂಬ ತಿಂತಾವೆ. ಒಂದೂ ಸತ್ತಿಲ್ಲ. ಇನ್ನೊಂದು ಸಲ ನೋಡಿದ್ರೆ ಒಳ್ಳೇದು.’ ನೋಡಿದ್ರೆ ಒಳ್ಳೇದಂತೆ! ನಾನು ಹನ್ನೊಂದು ಬಗೆ ತಿಂಡಿ ಇಟ್ಟು ನೋಡಿದೆ. ಬಿಸಿಲಲ್ಲಿ, ನೆರಳಲ್ಲಿ, ಒಂಟಿಯಾಗಿ, ಗುಂಪಿನಲ್ಲಿ. ಅಡ್ಮಿಶನ್ ರಶ್ಶಿನಲ್ಲಿ ಜಾತಿ ಆದಾಯ ಸರ್ಟಿಫಿಕೇಟಿಗೆ ಜನ ಸಾಲು ನಿಂತಿದ್ದರೂ ಮಧ್ಯ ಮಧ್ಯ ನೋಟ್ಸ್ ಬರೆದವಳು ನಾನು.

ಮೂರು ಮನೆ ರೂಲ್ ಇದೆ ನಮ್ಮದು. ನಾನೇ ಮಾಡಿದ್ದು. ಏನೇ ಬರೆದರೂ ಮೂರು ಮನೆಯ ಮೂರು ಕಂಪ್ಯೂಟರಿನಲ್ಲಿ ಕಂಡಿರಬೇಕು. ಇಂಗ್ಲಿಷಿನವರಿಗೇ ಅಂಥ ರೂಲಿಲ್ಲ. ಉಣ್ಣದ ರೋಗ ನನ್ನಲ್ಲೂ ಕಂಡಿದೆ, ಶಶಿಯಲ್ಲೂ, ಚೆಲುವರಾಜುವಿನಲ್ಲೂ. ಇನ್ನೇನು ಬೇಕು ಇವನಿಗೆ? ಹೊಟ್ಟೆಕಿಚ್ಚು, ಮತ್ತೇನಲ್ಲ.

ಪೆನ್ಶನ್ ಅರ್ಜಿಗೆ ಆಧಾರ್ ಜೆರಾಕ್ಸ್ ಮಾಡಿಸಲು ಬಂದ ಕೆಂಪಾಜಮ್ಮ ಸ್ಕ್ರೀನಿಗೆ ಇಣುಕಿದರು.

“ಅದೇನವ್ವಾ, ಮರಿಗಳು ಓಡಾಡ್ತಾವೆ?”

“ಆಟ ಕಣಜ್ಜಿ. ಮೊಟ್ಟೆ ಒಡೆದು ಬತ್ತಾವೆ, ಉಣ್ಣೋದು ಕಲೀತಾವೆ, ಮರಿ ಆಕ್ತಾವೆ, ಸಾಯ್ತಾವೆ. ಅಪ್ಪ ಅವ್ವನ ಗುಣ ಮರಿಗೆ ಬತ್ತದೆ.”

“ಗೆಲ್ಲೋದೇನು ಅದ್ರಾಗೆ?”

“ಏನೂ ಇಲ್ಲ.”

“ಅಂಗಾರೆ ಇಷ್ಟ್ಯಾಕೆ ಸಿಟ್ಟಾಗಿದ್ದೀಯೆ?”

ಎರಡೂ ಕಡೆ ಜೆರಾಕ್ಸ್ ಮಾಡಿ ಕೊಟ್ಟು ಕಳಿಸಿದೆ.

ಜೂನ್ 7, ಶನಿವಾರ

ಕಿತ್ತ ಪಟ್ಟಿ ಮತ್ತೆ ಬಂದಿದೆ, ಮೂರನೇ ಸಲ. ಸಾಕು.

ಬ್ಲಾಕ್ ಮಾಡಿದೆ. ಒಂದು ತಿಂಗಳು. ಕಾರಣದ ಜಾಗದಲ್ಲಿ ‘ಪದೇ ಪದೇ ಪುಟ ಕೆಡಿಸುವುದು’ ಅಂತ ಬರೆದೆ. ಅಡ್ಮಿನ್ ಆಗಿ ಮೂರು ವರ್ಷದಲ್ಲಿ ಇದೇ ಮೊದಲು. ಬಟನ್ ಎರಡೆರಡು ಸಲ ಒತ್ತಿದೆ, ನಿಜ. ಸಿಟ್ಟಿಗೆ.

ಶಶಿಗೆ ಮೆಸೇಜ್ ಹಾಕಿದೆ. ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್, ಅಳೆದು ತೂಗಿ ಮಾತಾಡುವವಳು. ‘ಸರಿಯಾಗ್ ಮಾಡಿದ್ರಿ ಅಕ್ಕ’ ಅಂದಳು. ಚೆಲುವರಾಜು ಹೆಬ್ಬೆಟ್ಟಿನ ಎಮೋಜಿ ಕಳಿಸಿದ. ಅವನು ರೈಸ್ ಮಿಲ್ಲಿನ ಗದ್ದಲದಲ್ಲೇ ಇರುತ್ತಾನೆ, ಅಷ್ಟೇ ಅವನ ಮಾತು.

ಜೂನ್ 9, ಸೋಮವಾರ. ಸಂಜೆ 5

ಕನಕರಾಜು ಫೋನ್ ಮಾಡಿದ್ದ. ಅಂಗಡಿ ತುಂಬ ಜನ. ಆದರೂ ಎತ್ತಿದೆ, ಹೆದರಿದಳು ಅಂದುಕೊಳ್ಳಬಾರದಲ್ಲ.

“ಅಕ್ಕ, ನಾನೇನಾರಾ ಬೈದ್ನಾ?”

“ಬೈದಿಲ್ಲ. ಪುಟ ಕೆಡಿಸಿದೆ.”

“ಕೆಡಿಸ್ನಿಲ್ಲ ಕಣಕ್ಕ. ನೀವ್ ಬರೆದಿದ್ದು ಒಂದಕ್ಷರ ಮುಟ್ನಿಲ್ಲ. ಮ್ಯಾಲೆ ಪಟ್ಟಿ ಆಕ್ದೆ, ಅಷ್ಟೆಯ. ನಮ್ಮನೇಲಿ ಕಂಡಿದ್ದ ಏಳ್ಬಾರ್ದಾ?”

“ಮೂರು ಮನೇಲಿ ನೋಡಿದ್ದೀವಿ ಕನಕರಾಜು. ನಿನ್ನದು ಒಂದು ಮನೆ.”



“ನಮ್ದೂ ಮನೇನೇ ಅಲ್ವಾ ಅಕ್ಕ?”

ಗಿರಾಕಿ ಇದ್ದಾರೆ ಅಂತ ಇಟ್ಟುಬಿಟ್ಟೆ. ಅನುಕಂಪ ಗಿಟ್ಟಿಸುವ ಮಾತು. ನನಗೆ ಗೊತ್ತಾಗದಾ ಇದೆಲ್ಲ!

ಜೂನ್ 18, ಬುಧವಾರ

ಒಂಬತ್ತು ದಿನದಿಂದ ಇಲ್ಲಿ ಬರೆದಿಲ್ಲ. ವಿಕಿಯಲ್ಲೂ ಏನಿಲ್ಲ. ಗಿಡಗಳ ಪುಟ, ಹವಾಮಾನದ ಪುಟ, ಮೊಟ್ಟೆ ಒಡೆಯುವ ದಿನಗಳ ಪಟ್ಟಿ... ಎಲ್ಲಾ ಅರ್ಧಕ್ಕೆ ನಿಂತಿವೆ. ಎಲ್ಲಾ ಕನಕರಾಜು ಬೆಳಗಿನ ಜಾವ ಎದ್ದು ಬರೆಯುತ್ತಿದ್ದ ಪುಟಗಳು. ಇರಲಿ. ಅವನಿಲ್ಲದಿದ್ದರೆ ಲೋಕ ನಿಲ್ಲುತ್ತದಾ?

ಆ ‘ನಮ್ದೂ ಮನೇನೇ ಅಲ್ವಾ’ ಇದೆಯಲ್ಲ, ಅನ್ನ ಉಣ್ಣುವಾಗಲೂ ಕಿವಿಯಲ್ಲಿ ಗುಂಯ್ ಅನ್ನುತ್ತದೆ. ಅವನ ಬಾಯಿ ಮುಚ್ಚಿಸಬೇಕು. ಪ್ರತಿ ಟಿಂಬಲ್‌ಗೂ ವಂಶವೃಕ್ಷ ಇರುತ್ತದೆ, ಯಾವ ತಲೆಮಾರಿಗೆ ಏನಾಯಿತು ಅಂತ ಎಲ್ಲಾ ದಾಖಲು. ನಮ್ಮ ಮೂರು ಮನೆಯದನ್ನೂ ಪ್ರಿಂಟ್ ತೆಗೆದು ಹಂಪಾಪುರಕ್ಕೆ ಪೋಸ್ಟ್ ಮಾಡುತ್ತೇನೆ. ಗೋಡೆಗೆ ಅಂಟಿಸಿಕೊಳ್ಳಲಿ. ಶಶಿ, ಚೆಲುವರಾಜು ಇಬ್ಬರಿಗೂ ಫೈಲ್ ಕಳಿಸಲು ಹೇಳಿದೆ.

ಜೂನ್ 19, ಗುರುವಾರ. ಮಧ್ಯಾಹ್ನ 2

ಪ್ರಿಂಟ್ ತೆಗೆದೆ. ಎ-ತ್ರೀ ಹಾಳೆ, ಮೂರು. ಟೇಬಲ್ ಮೇಲೆ ಹಾಸಿದೆ, ಸತ್ತ ಮರಿಗಳಿಗೆ ಕೆಂಪು ಪೆನ್ನಲ್ಲಿ ಸುತ್ತು ಹಾಕಲು.

ಕೆಳಗಿನಿಂದ ಮೇಲಕ್ಕೆ ಹೋದೆ. ನನ್ನ ಹಾಳೆಯ ತುದಿಯಲ್ಲಿ ‘ಚಿನ್ನು’. ನಾನು ಸಾಕಿದ ಮೊದಲ ಹೆಣ್ಣು, ಹೆಸರಿಟ್ಟವಳೂ ನಾನೇ. ಶಶಿಯ ಹಾಳೆ. ತುದಿಯಲ್ಲಿ — ಚಿನ್ನು.

ಚೆಲುವರಾಜುವಿನ ಹಾಳೆ. ಚಿನ್ನು.

ಯಾರೋ ಪಹಣಿ ಕೊಟ್ಟು ‘ಎರಡು ಕಾಪಿ’ ಅಂದರು, ಐದು ತೆಗೆದು ಕೊಟ್ಟೆ.

ಕೊಟ್ಟವಳು ನಾನೇ. ಶಶಿ ಆಟಕ್ಕೆ ಹೊಸಬಳಾಗಿದ್ದಾಗ ಮರಿಗಳೆಲ್ಲ ಸಾಯುತ್ತವೆ ಅಂತ ಗೋಳಾಡಿದಳು. ಚಿನ್ನು ಗಟ್ಟಿ ತಳಿ, ಇಟ್ಟುಕೋ ಅಂತ ಎರಡು ಮೊಟ್ಟೆಯ ಫೈಲ್ ವಾಟ್ಸಾಪಲ್ಲಿ ಕಳಿಸಿದೆ. ಚೆಲುವರಾಜುವಿನ ಗೃಹಪ್ರವೇಶಕ್ಕೆ ಹೋಗಲಾಗದೆ ಆರು ಮೊಟ್ಟೆ ಉಡುಗೊರೆ ಅಂತ ಕಳಿಸಿದೆ. ಅಮ್ಮನೂ ಹಾಗೇ, ಯಾರು ಕಾವಿಗೆ ಕೂರಿಸಲು ಕೇಳಿದರೂ ನಮ್ಮ ಕೋಳಿ ಮೊಟ್ಟೆ ಕೊಡುತ್ತಿದ್ದಳು. ಒಳ್ಳೆಯದು ಇದ್ದರೆ ಹಂಚುವುದಲ್ಲವಾ? ಕನಕರಾಜುವಿಗೆ ಮಾತ್ರ ಕೊಡಲಿಲ್ಲ. ಅವನು ಕೇಳಲಿಲ್ಲ, ಸ್ವಂತದ್ದು ಸಾಕುತ್ತಿದ್ದ. ನಾನು ಜಂಬ ಅಂದುಕೊಂಡೆ.

ಮೂರು ಮನೆ ಅಲ್ಲ. ಒಂದೇ ಮನೆ. ಹೊರಗಿನ ಮನೆ ಅಂತ ಇದ್ದದ್ದು ಅವನದೊಂದೇ, ಅದರ ಬಾಗಿಲು ಹಾಕಿದವಳೂ ನಾನು.

ರೋಗ ಆಟದ್ದಲ್ಲ. ನನ್ನ ಚಿನ್ನುವಿನ ರಕ್ತದ್ದು. ಥೂ ನನ್ನ.

ಜೂನ್ 22, ಭಾನುವಾರ

ಶಶಿಗೆ ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ ನಿಟ್ಟುಸಿರು.

“ಅಕ್ಕ, ಸುಮ್ನೆ ಪುಟ ಡಿಲೀಟ್ ಮಾಡ್ಬುಡಿ. ಇಂಗ್ಲಿಷ್‌ನೋರ್ಗೆ ಈಗ್ ಬೇಡ ಅಂದ್ಬುಡಿ. ಯಾರ್ ಕೇಳ್ತಾರೆ?”

“ಕನಕರಾಜು?”

“ಬ್ಲಾಕ್ ಒಂದ್ ತಿಂಗ್ಳಿಗೆ ತಾನಾಗೇ ಮುಗೀತದೆ. ನಾವಾಗಿ ಏನೂ ಹೇಳೋದ್ಬೇಡ. ಅಡ್ಮಿನ್ನೇ ತಪ್ಪು ಮಾಡಿದ್ರು ಅಂದ್ರೆ ನಾಳೆ ಯಾರು ನಮ್ ವಿಕಿ ನಂಬ್ತಾರೆ, ಹೇಳಿ?”

ಅವಳ ಮೇಲೂ ಹರಿಹಾಯ್ದೆ. ತಪ್ಪು ಮುಚ್ಚಿಟ್ಟ ವಿಕಿಯನ್ನು ಯಾರು ನಂಬಬೇಕು? ಫಿಸಿಕ್ಸ್ ಹೇಳಿಕೊಡುವವಳ ಬಾಯಲ್ಲಿ ಇಂಥ ಮಾತು! ಜೋರಾಗಿ ಕೂಗಾಡಿ ಇಟ್ಟೆ. ಆಮೇಲೆ ಹೊಳೆಯಿತು, ಮೂರು ದಿನದಿಂದ ನಾನೂ ಮನಸ್ಸಿನಲ್ಲಿ ಅದನ್ನೇ ಲೆಕ್ಕ ಹಾಕುತ್ತಿದ್ದೆ. ಅದಕ್ಕೇ ಅಷ್ಟು ಸಿಟ್ಟು ಬಂದದ್ದು.

ಜುಲೈ 1, ಮಂಗಳವಾರ. ಬೆಳಗ್ಗೆ

ಮಾಡಿದೆ. ಇವತ್ತು.

ಬ್ಲಾಕ್ ತೆಗೆದೆ. ಚರ್ಚೆ ಪುಟದಲ್ಲಿ ಬರೆದೆ: ಮೂರು ಮನೆ ಅಂದದ್ದು ತಪ್ಪು. ಮೂರರಲ್ಲೂ ಇರುವುದು ನಾನು ಹಂಚಿದ ಮೊಟ್ಟೆಯ ಸಂತತಿ. ಕನಕರಾಜು ಹಾಕಿದ ಪಟ್ಟಿ ಸರಿಯಿತ್ತು. ಅವರನ್ನು ಬ್ಲಾಕ್ ಮಾಡಿದ್ದು ನನ್ನ ತಪ್ಪು. — ಪ್ರಮೀಳಾ, ಅಡ್ಮಿನ್. ಹಳದಿ ಪಟ್ಟಿಯನ್ನು ನಾನೇ ವಾಪಸ್ ಅಂಟಿಸಿದೆ. ಇಂಗ್ಲಿಷಿನವರಿಗೆ ಅನುವಾದ ನಿಲ್ಲಿಸಿ ಅಂತ ಮೇಲ್ ಹಾಕಿದೆ. ಶಶಿ ಎರಡು ದಿನ ಮುನಿದಿದ್ದಳು, ಈಗ ‘ನಿಮ್ಮಿಷ್ಟ’ ಅಂದಿದ್ದಾಳೆ.

ಫೋನ್ ಮಾತ್ರ ಮಾಡಲಿಲ್ಲ. ಬರೆಯುವುದು ಬೇರೆ, ಬಾಯಲ್ಲಿ ಹೇಳುವುದು ಬೇರೆ. ನಲವತ್ತಮೂರು ವರ್ಷದಲ್ಲಿ ನಾನು ಯಾರಿಗೂ ಬಾಯಿಬಿಟ್ಟು ತಪ್ಪಾಯಿತು ಅಂದವಳಲ್ಲ. ಮನೆಯಲ್ಲಿ ಕೇಳಿ ನೋಡಿ.

ಜುಲೈ 4, ಶುಕ್ರವಾರ

ಏನಿಲ್ಲ.

ಜುಲೈ 8

ಏನೂ ಇಲ್ಲ. ಬ್ಲಾಕ್ ತೆಗೆದು ಒಂದು ವಾರ. ಅವನು ಒಂದು ಅಕ್ಷರ ಬರೆದಿಲ್ಲ. ಓದಿಲ್ಲವೋ, ಓದಿಯೂ ಸುಮ್ಮನಿದ್ದಾನೋ. ಶುಂಠಿಗೆ ಮಣ್ಣು ಏರಿಸುವ ಕಾಲ, ಕೆಲಸ ಇರುತ್ತದೆ ಅಂತ ಅಂದುಕೊಳ್ಳುತ್ತೇನೆ. ಆದರೂ ಒಬ್ಬಳು ಇಷ್ಟು ಬಗ್ಗಿದ ಮೇಲೆ ಒಂದು ‘ಆಯ್ತು’ ಅನ್ನಲು ಏನು ಧಾಡಿ?

ಇಲ್ಲ. ಅವನಿಗೆ ಹಕ್ಕಿದೆ. ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗೊಬ್ಬಳಿಗೇ ಬರೆದುಕೊಟ್ಟಿಲ್ಲ.

ಜುಲೈ 12, ಶನಿವಾರ. ಬೆಳಗ್ಗೆ 9.10

ಬಂದಿದ್ದಾನೆ! ಬೆಳಗಿನ ಜಾವ 5.20ಕ್ಕೆ.

ಆದರೆ ಮಾಡಿದ್ದೇನು ನೋಡಿ. ಉಣ್ಣದ ರೋಗದ ಪುಟವನ್ನು ಅಳಿಸಿಲ್ಲ. ಹೆಸರು ಬದಲಾಯಿಸಿದ್ದಾನೆ. ‘ಪ್ರಮೀಳಾ ತಳಿ’!

ನಾನು ಬರೆದದ್ದೆಲ್ಲ ಹಾಗೇ ಇದೆ. ಹನ್ನೊಂದು ತಿಂಡಿ, ಬಿಸಿಲು, ನೆರಳು. ಮೇಲೆ ಹೊಸದಾಗಿ ಎರಡು ಸಾಲು: ‘ಇದು ಆಟದ ರೋಗವಲ್ಲ, ಒಂದು ತಳಿಯಲ್ಲಿ ಬರುವ ಗುಣ. ಹುಣಸೂರಿನ ಪ್ರಮೀಳಾ ಅವರು ಕಂಡುಹಿಡಿದು, ತಾವೇ ಪರೀಕ್ಷಿಸಿ, ತಾವೇ ತಿದ್ದಿದ್ದು.’ ಕೆಳಗೆ, ನೋಡಿದ ಮನೆ: ಒಂದು. ಹಳದಿ ಪಟ್ಟಿ ತೆಗೆದಿದ್ದಾನೆ. ಚರ್ಚೆ ಪುಟದಲ್ಲಿ ಹೇಳಿದ್ದಾನೆ, ಇಂಗ್ಲಿಷಿನವರಿಗೂ ಮೊನ್ನೆಯೇ ಬರೆದಿದ್ದಾನಂತೆ, ಹೀಗಾದರೆ ಹಾಕಿಕೊಳ್ಳಬಹುದು ಅಂತ. ಅವರು ಹೂಂ ಅಂದಿದ್ದಾರಂತೆ.

ಒಬ್ಬ ಮನುಷ್ಯನನ್ನು ಹೊರಗಟ್ಟಿದವಳಿಗೆ ಅವನು ಹೀಗಾ ಮಾಡುವುದು? ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಲ್ಲದೆ ಇನ್ನು ಲೋಕವೆಲ್ಲ ಓದುವುದೇನು, ಪ್ರಮೀಳಾ ತಳಿಯವು ಉಣ್ಣದೆ ಸಾಯುತ್ತವೆ ಅಂತ! ಕೇಳದೆ ಹೆಸರಿಡಲು ಇವನ್ಯಾರು? ಬಿಡುವುದಿಲ್ಲ. ಸರಿಯಾಗಿ ಬಯ್ಯಬೇಕು.

ಫೋನ್ ಹಚ್ಚಿದ್ದೇನೆ. ಸ್ಪೀಕರಿಗೆ ಹಾಕಿ ಇದನ್ನು ಬರೆಯುತ್ತಿದ್ದೇನೆ. ರಿಂಗ್ ಆಗುತ್ತಿದೆ... ಆಗುತ್ತಿದೆ...

“ಏಳಿ ಅಕ್ಕ.”

ಹೊಲದಲ್ಲಿದ್ದಾನೆ. ಮೋಟಾರಿನ ಸದ್ದು.

“ಅಕ್ಕ? ಕೇಳಿಸ್ತಾ ಐತಾ?”

ಕೇಳಿಸುತ್ತಿದೆ. ಬೈಗುಳ ಒಂದೂ ಬರುತ್ತಿಲ್ಲ. “ಕನಕರಾಜು, ನಾನು —”