ಡಬ್ಬಿಯ ಎರಡು ಬಾಯಿ

ಅಣ್ಣಾ,

ನೀನೆಲ್ಲಿದ್ದೀಯೋ ಯಾರಿಗೂ ತಿಳಿಯದು. ಹಾಗಾಗಿ ಇದನ್ನು ಕಳಿಸುವ ಮಾತಿಲ್ಲ. ಆದರೂ ನಿನ್ನನ್ನಲ್ಲದೆ ಯಾರನ್ನು ಕೇಳಲಿ?

ಇವತ್ತು ಬೆಳಿಗ್ಗೆ ಇವರು ಅಂಗಳದಲ್ಲಿ ಲಾರಿ ನಿಲ್ಲಿಸಿ ಕೀ ತೆಗೆದರು. ಎಂಜಿನ್ ನಿಲ್ಲಲಿಲ್ಲ. ಕೀ ಅವರ ಕೈಯಲ್ಲಿತ್ತು, ಲಾರಿ ಮಾತ್ರ ಇನ್ನೂ ಜೋರಾಗಿ ಅರಚುತ್ತ ಹೊಗೆ ಕಾರುತ್ತಿತ್ತು. ಮಗು ನನ್ನ ಕುತ್ತಿಗೆಗೆ ಉಗುರೂರಿ ಅಳುತ್ತಿತ್ತು. ಕೊನೆಗೆ ಟಾಪ್ ಗೇರಿಗೆ ಹಾಕಿ, ಬ್ರೇಕ್ ತುಳಿದು ಕ್ಲಚ್ ಬಿಟ್ಟಮೇಲೆ ಗಕ್ಕನೆ ನಿಂತಿತು.

“ಹೇಳಿದ ಮಾತೇ ಕೇಳಲ್ಲ, ಥೇಟ್ ನಿಮ್ಮಣ್ಣ,” ಎಂದರು. ನಗುತ್ತಿದ್ದರು.

ನೀನು ಹೇಳಿದ್ದು ನೆನಪಿದೆ. ಹಳೆಯ ಎಂಜಿನ್ ಹೊಟ್ಟೆಯಿಂದ ಎಣ್ಣೆಯ ಹಬೆ ಬಿಡುತ್ತದೆ, ಆ ಎಣ್ಣೆ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಸೇರಿದರೆ ಕೀ ತೆಗೆದರೂ ಎಂಜಿನ್ ಅದನ್ನೇ ಕುಡಿದು ಓಡುತ್ತದೆ, ನಡುವೆ ನೀನು ಕೂರಿಸಿದ್ದ ಈ ಡಬ್ಬಿ ಇದ್ದರೆ ಎಣ್ಣೆ ಅದರಲ್ಲೇ ಉಳಿಯುತ್ತದೆ. ನೀನು ಇವರ ಜೊತೆ ಜಗಳವಾಡಿ ಹೋದ ಮರುದಿನವೇ ಇವರು ಡಬ್ಬಿ ಕಿತ್ತು ಪೈಪನ್ನು ನೇರ ಜೋಡಿಸಿದರು. ನೀನು ಹೊರಟಾಗ ನನ್ನ ಕೋಣೆಯ ಬಾಗಿಲು ಮುಚ್ಚಿದ್ದು ನೋಡಿ, ಮಗು ಮಲಗಿದೆ ಎಂದುಕೊಂಡೆಯೇನೋ. ನಾನು ಒಳಗೆ ಎದ್ದೇ ಇದ್ದೆ, ಹೊರಗೆ ಬರಲಿಲ್ಲ.

“ಘಾಟಿ ಇಳಿಯುವಾಗ ಹೀಗಾದರೆ?” ಎಂದೆ.

“ನಿದ್ದೆಗೆಟ್ಟು ನಿನಗೆ ಎಲ್ಲಕ್ಕೂ ಭಯ. ಹೋಗು, ಸ್ವಲ್ಪ ಮಲಕ್ಕೋ.”

ಈಗ ಅವರೇ ಮಲಗಿದ್ದಾರೆ. ಎದ್ದ ಕೂಡಲೇ ಲೋಡು ಹೊರಡುತ್ತದೆ.

ಡಬ್ಬಿಯನ್ನು ಮಂಚದಡಿಯಿಂದ ತೆಗೆದು ಒರೆಸಿದ್ದೇನೆ. ಸ್ಕ್ರೂಡ್ರೈವರ್ ಇದೆ, ಕ್ಲಿಪ್ಪುಗಳೂ ಇವೆ. ಆದರೆ ಇದಕ್ಕೆ ಎರಡು ಬಾಯಿ, ಎರಡೂ ಒಂದೇ ಥರ. ತಿರುಗಿಸಿ ಜೋಡಿಸಿದರೆ ಎಣ್ಣೆ ಮತ್ತೆ ಟರ್ಬೊಗೇ ಹೋಗುತ್ತದೆ ಎಂದು ನೀನೇ ಹೇಳಿದ್ದೆ. ಎಂಜಿನ್ನಿನ ಪೈಪು ಯಾವುದಕ್ಕೆ, ಅಣ್ಣಾ?